ನಗುವ ಬಟ್ಟೆ, ಆಡದ ಬಾಯಿ

ನಮ್ಮ ಮನೆಯ ಬಾಗಿಲ ಪಕ್ಕದ ಡ್ರಾಯರಿನಲ್ಲಿ ಇನ್ನೂ ನಾಲ್ಕು ಮಾಸ್ಕ್‌ಗಳಿವೆ. ಎನ್‌95ಗಳು, ಮೆಡಿಕಲ್ ಅಂಗಡಿಯ ನೀಲಿ ಮಾಸ್ಕ್‌ಗಳು ಎಂದೋ ಕಸದ ಬುಟ್ಟಿ ಸೇರಿದವು. ಉಳಿದಿರುವ ನಾಲ್ಕೂ ಬಟ್ಟೆಯವು. ಒಂದರ ಮೇಲೆ ಲಿಯೊನಾರ್ಡೊನ ಮೊನಾಲಿಸಾ, ಇನ್ನೊಂದರ ಮೇಲೆ ಕಿವಿಗೆ ಪಟ್ಟಿ ಕಟ್ಟಿಕೊಂಡ ವ್ಯಾನ್ ಗೋ, ಮೂರನೆಯದರಲ್ಲಿ ಫ್ರಿಡಾ ಕಾಹ್ಲೊ, ನಾಲ್ಕನೆಯದರಲ್ಲಿ ರಾಜಾ ರವಿವರ್ಮನ ಸಂಗೀತಗಾರ್ತಿಯರು. 2020ರ ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ ಆನ್‌ಲೈನಿನಲ್ಲೂ ದಾದರಿನ ಫುಟ್‌ಪಾತಿನಲ್ಲೂ ಕೊಂಡವು. ಹಾಕಿಕೊಂಡು ತಿರುಗಿದವು, ಬೆವರು ಕುಡಿದವು, ನೂರಾರು ಸಲ ನೀರು ಕಂಡವು. ಈಗ ಅವುಗಳ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಮಾತಾಡಬಹುದು ಅನ್ನಿಸುತ್ತದೆ.

ಮಾಸ್ಕ್‌ಗೆಂಥ ಕಲಾವಿಮರ್ಶೆ ಎಂದು ನಗಬೇಡಿ. ಕಲೆ ನಮ್ಮ ಮೈಗೆ ಇಷ್ಟು ಹತ್ತಿರ ಬಂದದ್ದು ಅಪರೂಪ. ಟಿ ಶರ್ಟಿನ ಚಿತ್ರ ಎದೆಯ ಮೇಲಿರುತ್ತದೆ, ಕಾಫಿ ಮಗ್ಗಿನ ಚಿತ್ರ ಮೇಜಿನ ಮೇಲಿರುತ್ತದೆ. ಇವು ಮುಖದ ಮೇಲೆಯೇ ಬಂದು ಕೂತವು. ಭಾವಚಿತ್ರ ಎನ್ನುವುದು ಮುಖವನ್ನು ತೋರಿಸುವುದಕ್ಕಾಗಿಯೇ ಹುಟ್ಟಿದ ಕಲೆ, ಮಾಸ್ಕ್ ಮುಖವನ್ನು ಮುಚ್ಚುವುದಕ್ಕಾಗಿ ಹುಟ್ಟಿದ ವಸ್ತು. ಎರಡನ್ನೂ ಒಂದೇ ತುಂಡು ಬಟ್ಟೆಯ ಮೇಲೆ ಹೊಲಿದಾಗ ಯಾವುದು ಗೆದ್ದಿತು, ಯಾವುದು ಸೋತಿತು ಎಂಬ ಪ್ರಶ್ನೆ ಏಳಲೇಬೇಕು.

ಕನ್ನಡದಲ್ಲಿ ಆ ದಿನಗಳಲ್ಲಿ ಇದಕ್ಕೆ ಮೂರು ಹೆಸರುಗಳು ಓಡಾಡುತ್ತಿದ್ದವು. ಬಾಯಿಮಾತಿನಲ್ಲಿ ‘ಮಾಸ್ಕ್’, ಪತ್ರಿಕೆಗಳಲ್ಲಿ ಹೆಚ್ಚಾಗಿ ‘ಮುಖಗವಸು’, ಒಮ್ಮೊಮ್ಮೆ ಯಾರೋ ಬರೆಯುತ್ತಿದ್ದ ‘ಮುಖವಾಡ’. ಗವಸು ಎಂದರೆ ದಿಂಬಿನ ಗವಸು, ತಂಬೂರಿಯ ಗವಸು. ಒಳಗಿರುವುದನ್ನು ಕಾಪಾಡುವುದಷ್ಟೇ ಅದರ ಕೆಲಸ, ತಾನು ಯಾರೋ ಎಂದು ಅದು ಹೇಳಿಕೊಳ್ಳುವುದಿಲ್ಲ. ಮುಖವಾಡ ಹಾಗಲ್ಲ. ಸೋಮನ ಕುಣಿತದಲ್ಲಿ ಸೋಮನನ್ನು ಹೊತ್ತವನು ಆ ಹೊತ್ತಿಗೆ ತನ್ನ ಮುಖವನ್ನು ಬಿಟ್ಟುಕೊಟ್ಟು ದೇವಿಯ ಕಡೆಯವನಾಗುತ್ತಾನೆ. ಮುಖವಾಡಕ್ಕೆ ತನ್ನದೇ ಕಣ್ಣು, ಬಾಯಿ, ಬಣ್ಣ, ಕಟ್ಟುಪಾಡು ಎಲ್ಲವೂ ಇವೆ. ನನ್ನ ಡ್ರಾಯರಿನ ನಾಲ್ಕರ ತೊಂದರೆ ಇರುವುದು ಇಲ್ಲೇ. ಗವಸಾಗಿ ಹುಟ್ಟಿ ಮುಖವಾಡವಾಗಲು ಹೊರಟವು ಅವು.

ಅವು ಹೇಗೆ ಹುಟ್ಟಿದವು ಎಂಬುದನ್ನು ಮೊದಲು ನೋಡೋಣ. ಮುಂಬಯಿಯಲ್ಲಿ ಮನೆಯಿಂದ ಹೊರಗೆ ಬರುವವರಿಗೆ ಮಾಸ್ಕ್ ಕಡ್ಡಾಯವೆಂದು ಮಹಾನಗರಪಾಲಿಕೆ ಆದೇಶ ಹೊರಡಿಸಿದ್ದು 2020ರ ಏಪ್ರಿಲ್ 8ರಂದು. ಆಗ ಕರವಸ್ತ್ರ, ದುಪಟ್ಟಾ, ಅಪ್ಪನ ಹಳೆಯ ಪಂಚೆಯ ತುಂಡು ಎಲ್ಲವೂ ನಡೆಯಿತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಬಟ್ಟೆಯ ಮಾಸ್ಕ್‌ಗೆ ಮೂರು ಪದರ ಇರಲಿ ಎಂದಿತು: ಒಳಗೆ ತೇವ ಹೀರುವ ಹತ್ತಿ, ನಡುವೆ ಸೋಸುವ ಪದರ, ಹೊರಗೆ ತೇವ ಹೀರದ ಪಾಲಿಯೆಸ್ಟರಿನಂಥ ಬಟ್ಟೆ. ಚಿತ್ರ ಒಳಗೆ ನುಗ್ಗಿದ್ದು ಈ ಹೊರಪದರದ ಬಾಗಿಲಿನಿಂದ. ಟಿ ಶರ್ಟು, ಮೌಸ್‌ಪ್ಯಾಡು, ದಿಂಬಿನ ಮೇಲೆ ಫೋಟೊ ಹಾಕಿಕೊಡುವ ಸಣ್ಣ ಅಂಗಡಿಗಳ ಬಳಿ ಸಬ್ಲಿಮೇಷನ್ ಪ್ರಿಂಟಿಂಗ್ ಯಂತ್ರಗಳು ಮೊದಲೇ ಇದ್ದವು. ಚಿತ್ರವನ್ನು ಎಡಬಲ ತಿರುಗಿಸಿ ಕಾಗದದ ಮೇಲೆ ಮುದ್ರಿಸಿ, ಬಟ್ಟೆಯ ಮೇಲಿಟ್ಟು, ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ಎಳೆಯೊಳಗೆ ಇಳಿಯುತ್ತದೆ. ಈ ಬಣ್ಣ ಪಾಲಿಯೆಸ್ಟರಿಗೆ ಹಿಡಿಯುತ್ತದೆಯೇ ಹೊರತು ಹತ್ತಿಗೆ ಹಿಡಿಯುವುದಿಲ್ಲ. ಹೊರಪದರ ಪಾಲಿಯೆಸ್ಟರ್ ಆದ ಕೂಡಲೇ ಜಗತ್ತಿನ ಮ್ಯೂಸಿಯಮ್ಮುಗಳೆಲ್ಲ ನಮ್ಮ ಮೂಗಿನ ಮೇಲೆ ಬಂದಿಳಿಯುವುದಕ್ಕೆ ತಾಂತ್ರಿಕ ಅಡ್ಡಿ ಉಳಿಯಲಿಲ್ಲ. ಹಳೆಯ ಚಿತ್ರಗಳಾದ್ದರಿಂದ ಹಕ್ಕುಸ್ವಾಮ್ಯದ ಕಾಟವೂ ಹೆಚ್ಚಿರಲಿಲ್ಲ.

ಮೊದಲು ಮೊನಾಲಿಸಾ. ನನ್ನದು ಮೂರು ನೆರಿಗೆಯ ಮಾಸ್ಕ್. ಅದರಲ್ಲಿ ಇಡೀ ಚಿತ್ರವಿಲ್ಲ, ಮೂಗಿನ ತುದಿಯಿಂದ ಗದ್ದದವರೆಗಿನ ಭಾಗ ಮಾತ್ರ ದೊಡ್ಡದಾಗಿ ಇದೆ. ಹಾಕಿಕೊಂಡರೆ ಮೇಲೆ ನನ್ನ ಕನ್ನಡಕ, ಕೆಳಗೆ ಅವಳ ನಗು. ಮೊದಲ ದಿನ ಲಿಫ್ಟಿನಲ್ಲಿ ಎಲ್ಲರೂ ನಕ್ಕರು, ಅಂದರೆ ಅವರ ಕಣ್ಣಂಚು ಕಿರಿದಾದವು. ಐಡಿಯಾ ಚುರುಕಾಗಿದೆ ಎಂದು ಒಪ್ಪಲೇಬೇಕು. ಆದರೆ ಆ ನಗುವಿನ ಕಸುಬನ್ನು ಸ್ವಲ್ಪ ಗಮನಿಸಿ. ಲಿಯೊನಾರ್ಡೊ ತುಟಿಯ ಕೊನೆಗಳಿಗೆ ಗೆರೆಯನ್ನೇ ಎಳೆಯಲಿಲ್ಲ. ತೀರ ತೆಳುವಾದ ಬಣ್ಣದ ಪದರಗಳನ್ನು ಒಂದರ ಮೇಲೊಂದು ಹಾಸಿ, ನೆರಳು ಎಲ್ಲಿ ಮುಗಿದು ತುಟಿ ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಮಾಡಿದ. ಅವಳು ನಕ್ಕಳೋ ಇಲ್ಲವೋ ಎಂದು ಜನ 500 ವರ್ಷ ಜಗಳವಾಡುವುದಕ್ಕೆ ಆ ಹೊಗೆಯಂಥ ಅಂಚೇ ಕಾರಣ. ಅಂಗಡಿಯ ಪ್ರಿಂಟರು ಆ ಅಂಚನ್ನು ಕಂದು ಕಲೆಯಾಗಿಸಿದೆ. ದೂರದಿಂದ ನೋಡಿದರೆ ಸಾಂಬಾರು ಒರೆಸಿಕೊಂಡ ಹಾಗಿದೆ. ಜೊತೆಗೆ ಆ ನಗು ತುಟಿಯೊಂದರದ್ದೇ ಅಲ್ಲ, ಕಣ್ಣಿನದ್ದೂ ಹೌದು. ಅವಳ ಕಣ್ಣನ್ನು ಕತ್ತರಿಸಿ, ಆ ಜಾಗದಲ್ಲಿ ರಾತ್ರಿ ಹನ್ನೊಂದರವರೆಗೆ ಕ್ಲೈಂಟ್ ಕಾಲ್‌ನಲ್ಲಿದ್ದು ಬಂದ ನನ್ನ ಕಣ್ಣನ್ನಿಟ್ಟರೆ ಕೆಳಗಿನ ನಗುವಿಗೆ ಅರ್ಥವೇ ಬದಲಾಗುತ್ತದೆ.

ಆದರೂ ಈ ಮಾಸ್ಕ್‌ನಲ್ಲಿ ಒಂದು ಅನಿರೀಕ್ಷಿತ ಚೆಲುವಿತ್ತು. ಉಸಿರು ಎಳೆದಾಗ ಬಟ್ಟೆ ಒಳಗೆ ಹೋಗುತ್ತಿತ್ತು, ಬಿಟ್ಟಾಗ ಉಬ್ಬುತ್ತಿತ್ತು. ಏಳನೆಯ ಮಹಡಿಯವರೆಗೆ ತರಕಾರಿ ಚೀಲ ಹೊತ್ತು ಹತ್ತಿದ ದಿನ ಕನ್ನಡಿಯಲ್ಲಿ ನೋಡಿಕೊಂಡೆ: ಮೊನಾಲಿಸಾ ಏದುಸಿರು ಬಿಡುತ್ತಿದ್ದಳು. ಲೂವ್ರ್ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಕೂತವಳಿಗೆ ಈ ಭಾಗ್ಯವಿಲ್ಲ. ಲೀಸಾ ಗೆರಾರ್ಡಿನಿ ಫ್ಲಾರೆನ್ಸಿನ ರೇಷ್ಮೆ ವ್ಯಾಪಾರಿಯೊಬ್ಬನ ಹೆಂಡತಿ, ಹಲವು ಮಕ್ಕಳ ತಾಯಿ. ಮರದ ಹಲಗೆಯ ಮೇಲೆ ಕೂತಿದ್ದ ಬಟ್ಟೆ ವ್ಯಾಪಾರಿಯ ಹೆಂಡತಿ ಕೊನೆಗೂ ಬಟ್ಟೆಯ ಮೇಲೆ ಬಂದು ಉಸಿರಾಡಿದಳು ಎನ್ನಬಹುದು. ಚಿತ್ರವನ್ನು ಹಾಗೆ ಮಾಡಿದ್ದು ವಿನ್ಯಾಸಕಾರನಲ್ಲ, ನನ್ನ ಶ್ವಾಸಕೋಶ. ಆ ಅಂಕ ಅವನಿಗೆ ಕೊಡಲಾರೆ.

ವ್ಯಾನ್ ಗೋನದು ಬೇರೆ ಜಾತಿ. ಇಲ್ಲಿ ಇಡೀ ಸ್ವಚಿತ್ರವನ್ನೇ ಕುಗ್ಗಿಸಿ ಗದ್ದದ ಮೇಲೆ ಕೂರಿಸಿದ್ದಾರೆ. ಹಾಕಿಕೊಂಡವನಿಗೆ ನಾಲ್ಕು ಕಣ್ಣು. ಎದುರಿಗಿರುವವರು ಯಾವ ಕಣ್ಣನ್ನು ನೋಡಿ ಮಾತಾಡಬೇಕೆಂದು ತಡವರಿಸುತ್ತಾರೆ. ಎರಡು ತುಂಡು ಸೇರಿಸಿ ಹೊಲಿದ, ಮೂಗಿನ ಮೇಲೆ ಎತ್ತರವಾಗುವ ಮಾಸ್ಕ್ ಇದು. ನಡುವಿನ ಹೊಲಿಗೆ ಸರಿಯಾಗಿ ಅವನ ಮುಖದ ಮೇಲೇ ಹಾದುಹೋಗಿದೆ. 1888ರ ಡಿಸೆಂಬರಿನಲ್ಲಿ ಅವನು ಕುಯ್ದುಕೊಂಡದ್ದು ಎಡಗಿವಿ. ಮುಂದಿನ ತಿಂಗಳು ಕನ್ನಡಿ ನೋಡಿಕೊಂಡು ಬರೆದ ಚಿತ್ರದಲ್ಲಿ ಪಟ್ಟಿ ಬಲಗಿವಿಗೆ ಬಂತು. ಲಂಡನ್ನಿನ ಕೋರ್ಟೋಲ್ಡ್ ಗ್ಯಾಲರಿಯಲ್ಲಿರುವ ಮೂಲದಲ್ಲಿ ಹಾಗೇ ಇದೆ. ನನ್ನ ಮಾಸ್ಕ್ ಮುದ್ರಿಸಿದವರು ಮಾತ್ರ ಎಡಬಲ ತಿರುಗಿಸುವುದನ್ನು ಮರೆತಿದ್ದಾರೆ. ಹಾಗಾಗಿ ನನ್ನ ವ್ಯಾನ್ ಗೋನ ಪಟ್ಟಿ ಮತ್ತೆ ಎಡಗಿವಿಗೆ ಬಂದಿದೆ. ಎರಡು ಬಗ್‌ಗಳು ಒಂದನ್ನೊಂದು ಹೊಡೆದುಹಾಕಿ ಔಟ್‌ಪುಟ್ ಸರಿಬಂದ ಕೇಸ್ ಇದು. ನಮ್ಮ ಕಸುಬಿನವರಿಗೆ ಪರಿಚಯದ್ದೇ.

ತಮಾಷೆ ಅಲ್ಲಿಗೆ ಸಾಕು. ಈ ಮಾಸ್ಕ್‌ನ ಎರಡು ಎಲಾಸ್ಟಿಕ್ ಕುಣಿಕೆಗಳು ನನ್ನ ಕಿವಿಗಳನ್ನು ಹಿಂದಿನಿಂದ ಎಳೆಯುತ್ತಿದ್ದವು. ಸಂಜೆಯ ಹೊತ್ತಿಗೆ ಕಿವಿಯ ಬುಡ ಉರಿಯುತ್ತಿತ್ತು. ಒಬ್ಬ ಮನುಷ್ಯ ಮತಿ ಕಲಕಿದ ರಾತ್ರಿ ತನ್ನ ಕಿವಿಯನ್ನೇ ಕೊಯ್ದುಕೊಂಡ ನೋವು, ನನ್ನ ಕಿವಿಗೆ ನೇತುಹಾಕುವ ಸರಕಾಗಿತ್ತು. ಅದೇ ಕೋರ್ಟೋಲ್ಡ್ ಗ್ಯಾಲರಿಯ ಅಂಗಡಿಯಲ್ಲಿ 2022ರಲ್ಲಿ ಕಿವಿಯಾಕಾರದ ರಬ್ಬರ್ ಮಾರಾಟಕ್ಕೆ ಬಂದು, ಜನ ಛೀಮಾರಿ ಹಾಕಿದ ಮೇಲೆ ಹಿಂದೆ ತೆಗೆದರು. ಆ ಸುದ್ದಿ ಓದಿದಾಗ ನನಗೆ ನಗು ಬರಲಿಲ್ಲ, ಡ್ರಾಯರು ನೆನಪಾಯಿತು.

ಫ್ರಿಡಾ ಕಾಹ್ಲೊ ಮಾಸ್ಕ್ ನನ್ನ ಹೆಂಡತಿಯದು. ಮೆಕ್ಸಿಕೊದ ಈ ಕಲಾವಿದೆ ತನ್ನನ್ನೇ ಐವತ್ತಕ್ಕೂ ಹೆಚ್ಚು ಸಲ ಚಿತ್ರಿಸಿಕೊಂಡವಳು. ಕೂಡಿದ ಹುಬ್ಬು, ಮೇಲ್ದುಟಿಯ ಕೂದಲು ಎರಡನ್ನೂ ಮುಚ್ಚಿಡದೆ ಬರೆದಳು. ಹೆಣ್ಣಿನ ಮುಖ ಹೀಗಿರಬೇಕೆಂಬ ಅಪ್ಪಣೆಗೆ ಅವಳು ಕೊಟ್ಟ ಉತ್ತರ ಅದು. ಮಾಸ್ಕ್‌ನ ಮೇಲೆ ಅವಳ ತುಟಿಯ ಮೇಲಿನ ಕೂದಲನ್ನು ನುಣ್ಣಗೆ ಅಳಿಸಿದ್ದಾರೆ, ತುಟಿಗೆ ಹೆಚ್ಚು ಕೆಂಪು ಬಳಿದಿದ್ದಾರೆ. ಉಳಿದದ್ದು ತಲೆಯ ಮೇಲಿನ ಹೂವು. ಬ್ಯೂಟಿ ಪಾರ್ಲರಿಗೆ ಹೋಗಿ ಬಂದ ಫ್ರಿಡಾ.

ಆದರೆ ಇಲ್ಲಿ ನಾನು ಪೂರ್ತಿ ಸಿನಿಕನಾಗಲಾರೆ. ನಮ್ಮ ಸೊಸೈಟಿಗೆ ರಕ್ತದ ಸ್ಯಾಂಪಲ್ ತೆಗೆಯಲು ಬರುತ್ತಿದ್ದ ಲ್ಯಾಬಿನ ಹುಡುಗಿಯೊಬ್ಬಳು ಆಸ್ಪತ್ರೆ ಮಾಸ್ಕ್‌ನ ಮೇಲೆ ಇಂಥದೇ ಒಂದು ಫ್ರಿಡಾ ಮಾಸ್ಕ್ ಹಾಕುತ್ತಿದ್ದಳು. ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮುಖವನ್ನಂತೂ ಯಾರೂ ನೋಡಿರಲಿಲ್ಲ. ಮಕ್ಕಳು ಅವಳನ್ನು ‘ಹೂವಿನ ದೀದಿ’ ಎನ್ನುತ್ತಿದ್ದರು, ಸೂಜಿಗೆ ಕೈ ಚಾಚುತ್ತಿದ್ದರು. ಬಿಳಿ ಕವಚ ತೊಟ್ಟವರೆಲ್ಲ ಒಂದೇ ಥರ ಕಾಣುತ್ತಿದ್ದ ಕಾಲದಲ್ಲಿ ಒಬ್ಬಳನ್ನು ಬೇರೆಯಾಗಿ ಗುರುತಿಸುವುದಕ್ಕೆ ಆ ಬಟ್ಟೆ ನೆರವಾಯಿತು. ಅದು ಭಾವಚಿತ್ರದ ಅತ್ಯಂತ ಹಳೆಯ ಕೆಲಸ: ಇವರು ಇವರೇ ಎಂದು ತೋರಿಸುವುದು. ಕೆಟ್ಟ ಮುದ್ರಣವಾದರೂ ಆ ಕೆಲಸ ಮಾಡಿದ್ದಕ್ಕೆ ಅದಕ್ಕೆ ನಮಸ್ಕಾರ.

ರವಿವರ್ಮನ ವಿಷಯಕ್ಕೆ ಬಂದರೆ ಮಾತು ಮನೆಯೊಳಗೆ ಬರುತ್ತದೆ. ನನ್ನ ಮಾಸ್ಕ್‌ನ ಮೇಲಿರುವ ಚಿತ್ರ 1889ರ ಸುಮಾರಿಗೆ ಮೈಸೂರು ಅರಸರಿಗಾಗಿ ಬರೆದದ್ದು. ಮೂಲ ಈಗಲೂ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಬೇರೆ ಬೇರೆ ಸೀಮೆಯ, ಬೇರೆ ಬೇರೆ ಉಡುಗೆಯ ಹನ್ನೊಂದು ಹೆಂಗಸರು ವಾದ್ಯಗಳೊಡನೆ ಒಂದೆಡೆ ಸೇರಿದ್ದಾರೆ. ದೇಶವನ್ನು ಹನ್ನೊಂದು ಮುಖಗಳಲ್ಲಿ ಹೇಳುವ ಪ್ರಯತ್ನ. ಹೈಸ್ಕೂಲಿನ ಪ್ರವಾಸದಲ್ಲಿ ಅದರ ಮುಂದೆ ನಿಂತ ನೆನಪಿದೆ. ಮಾಸ್ಕ್‌ನ ಅಳತೆಗೆ ಕತ್ತರಿಸಿದಾಗ ಹನ್ನೊಂದರಲ್ಲಿ ಮೂವರು ಉಳಿದಿದ್ದಾರೆ. ಅವರಲ್ಲೊಬ್ಬಳ ಅರ್ಧ ಮುಖ ಹೊಲಿಗೆಯೊಳಗೆ ಹೋಗಿದೆ. ವೀಣೆಯ ಕುಂಬ ನನ್ನ ಬಲಗೆನ್ನೆಯ ಮೇಲಿದೆ, ನುಡಿಸುವವಳು ಇಲ್ಲ.

ರವಿವರ್ಮನಿಗೆ ಬಟ್ಟೆ ಹೊಸದಲ್ಲ, ಮುದ್ರಣವೂ ಹೊಸದಲ್ಲ ಎಂದು ನೀವು ಹೇಳಬಹುದು. ನಿಜ. 1894ರಲ್ಲಿ ಇದೇ ಮುಂಬಯಿಯ ಘಾಟ್ಕೋಪರಿನಲ್ಲಿ ಅವನ ಮುದ್ರಣಾಲಯ ಶುರುವಾಯಿತು, ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಪುಣೆಯ ರೈಲಿನಲ್ಲಿ ಹೋಗುವಾಗ ಆ ಸಣ್ಣ ಸ್ಟೇಷನ್ನು ಈಗಲೂ ಕಿಟಕಿಯಲ್ಲಿ ಸರಿದುಹೋಗುತ್ತದೆ. ಅಲ್ಲಿ ಕಲ್ಲಚ್ಚಿನಲ್ಲಿ, ಬಣ್ಣಕ್ಕೊಂದು ಕಲ್ಲಿನಂತೆ ಒತ್ತಿ ತೆಗೆದ ಲಕ್ಷ್ಮಿ ಸರಸ್ವತಿಯರು ದೇಶದ ಗೋಡೆಗಳಿಗೆಲ್ಲ ಹೋದರು. ಕ್ಯಾಲೆಂಡರಾದರು, ಬೆಂಕಿಪೊಟ್ಟಣದ ಮೇಲೂ ಬಂದರು. 2008ರಲ್ಲಿ ಚೆನ್ನೈನ ದೊಡ್ಡ ಜವಳಿ ಅಂಗಡಿಯೊಂದು ಅವನ ಹನ್ನೊಂದು ಚಿತ್ರಗಳನ್ನು ನೇಯಿಸಿ ಸುಮಾರು 40 ಲಕ್ಷ ರೂಪಾಯಿಯ ರೇಷ್ಮೆ ಸೀರೆ ಮಾಡಿತು. ಈ ಸಂಗೀತಗಾರ್ತಿಯರೂ ಅದರಲ್ಲಿದ್ದರು. ಹಾಗಿದ್ದರೆ ಮಾಸ್ಕ್ ಅದೇ ಸಾಲಿನ ಇನ್ನೊಂದು ಹೆಜ್ಜೆಯಲ್ಲವೇ?

ಅಲ್ಲ. ಯಾಕೆಂದು ನನಗೆ ತಿಳಿದದ್ದು ಅರಸೀಕೆರೆಯ ಹತ್ತಿರದ ನಮ್ಮೂರ ಮನೆಯ ದೇವರ ಕೋಣೆಯಿಂದ. ಅಲ್ಲಿ ರವಿವರ್ಮನ ಸರಸ್ವತಿಯ ಹಳೆಯ ಪ್ರಿಂಟು ಒಂದಿದೆ. ನಮ್ಮಜ್ಜಿ ಅದಕ್ಕೆ ನಿಜವಾದ ಸೀರೆ ಉಡಿಸಿದ್ದಳು. ಹಳೆಯ ಸೀರೆಯ ಜರಿಯಂಚು ಕತ್ತರಿಸಿ ಅಂಟಿಸಿ, ಒಡವೆಯ ಜಾಗಕ್ಕೆ ಚಮಕಿ, ಕಿರೀಟಕ್ಕೆ ಬಣ್ಣದ ಮಣಿ ಇಟ್ಟು ಗಾಜು ಹಾಕಿಸಿದ್ದಳು. ಅವಳೊಬ್ಬಳ ಹುಚ್ಚಲ್ಲ ಅದು. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹೆಂಗಸರು ಈ ಪ್ರಿಂಟುಗಳನ್ನು ಹೀಗೆ ಸಿಂಗರಿಸುತ್ತಿದ್ದರು. ಅಂಥ ಚಿತ್ರಗಳು ಇಂದು ಸಂಗ್ರಹಾಲಯಗಳಲ್ಲೂ ಇವೆ. ಗಮನಿಸಬೇಕಾದದ್ದು ಅಜ್ಜಿಯ ಕತ್ತರಿ ಎಲ್ಲಿ ನಿಂತಿತು ಎಂಬುದು. ಕೊರಳಿನವರೆಗೆ ಬಟ್ಟೆ, ನೆತ್ತಿಯ ಮೇಲೆ ಮಣಿ. ಮುಖ ಮಾತ್ರ ಚಿತ್ರಕಾರ ಬಿಟ್ಟುಹೋದ ಹಾಗೇ. ಕೈಗಳೂ ಬರಿದೇ. ನೋಡುವ, ಹರಸುವ, ವೀಣೆ ಮೀಟುವ ಭಾಗಗಳನ್ನು ಮುಚ್ಚಬಾರದು ಎಂದು ಅವಳಿಗೆ ಯಾವ ಕಲಾಶಾಲೆಯೂ ಹೇಳಿಕೊಟ್ಟಿರಲಿಲ್ಲ. ಅಜ್ಜಿ ಚಿತ್ರದ ಮೇಲೆ ಬಟ್ಟೆ ಹಾಕಿ ಮುಖವನ್ನು ಉಳಿಸಿದಳು. ನಾವು ಬಟ್ಟೆಯ ಮೇಲೆ ಚಿತ್ರ ಹಾಕಿ ಎರಡು ಮುಖಗಳನ್ನು ಕಳೆದುಕೊಂಡೆವು, ಚಿತ್ರದ್ದೂ ನಮ್ಮದೂ.

ಈ ಮಾತು ನನಗೆ ಆಗಲೇ ಹೊಳೆದಿರಲಿಲ್ಲ. ಹೊಳೆದಿದ್ದರೆ 2020ರ ರಾಜ್ಯೋತ್ಸವಕ್ಕೆ ನಾನೇ ಆ ಪ್ರಸ್ತಾಪ ಇಡುತ್ತಿರಲಿಲ್ಲ. ನಮ್ಮ ಕಡೆಯ ಸಣ್ಣ ಕನ್ನಡ ಬಳಗದಲ್ಲಿ ಆ ವರ್ಷ ನವೆಂಬರ್ 1ಕ್ಕೆ ಕಾರ್ಯಕ್ರಮವಿಲ್ಲ, ಊಟವಿಲ್ಲ. ಮನೆಮನೆಗೆ ಏನಾದರೂ ಕಳಿಸೋಣ ಎಂದಾಯಿತು. ಎಂಟು ಜ್ಞಾನಪೀಠ ಲೇಖಕರ ಭಾವಚಿತ್ರದ ಮಾಸ್ಕ್ ಮಾಡಿಸೋಣ ಎಂದೆ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ ಎಲ್ಲರೂ ಇರಲಿ, ಮಕ್ಕಳಿಗೆ ಪರಿಚಯವೂ ಆಗುತ್ತದೆ. ಎಕ್ಸೆಲ್ ಶೀಟು, ಕೊಟೇಶನ್ನು ಎಲ್ಲ ತಯಾರಿತ್ತು. ಜೂಮ್ ಮೀಟಿಂಗಿನಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ಮ್ಯೂಟ್ ತೆಗೆದು ಕೇಳಿದರು: “ಅಲ್ಲೋ ತಮ್ಮಾ, ಬೇಂದ್ರೆ ಅಜ್ಜನ ಮಾರಿ ಮ್ಯಾಲೆ ಸೀನ್ತೀರೇನು? ಕಾರಂತರನ್ನ ವಾಷಿಂಗ್ ಮಷಿನ್‌ನ್ಯಾಗ ಹಾಕಿ ತಿರುವ್ತೀರೇನು?”

ಎಲ್ಲರೂ ನಕ್ಕೆವು, ಪ್ರಸ್ತಾಪ ಅಲ್ಲೇ ಬಿತ್ತು. ಗುಳೇದಗುಡ್ಡದ ಖಣದ ತುಂಡುಗಳಲ್ಲಿ ಮಾಸ್ಕ್ ಹೊಲಿಸಿದೆವು. ಆದರೆ ಅವರ ಪ್ರಶ್ನೆ ನಗುವಿನ ಜೊತೆ ಮುಗಿಯಲಿಲ್ಲ. ಎಂಜಲು ಎನ್ನುವ ಮಾತು ನಮ್ಮಲ್ಲಿ ಎಷ್ಟು ಕೆಟ್ಟ ಕೆಲಸಗಳಿಗೆ ಬಳಕೆಯಾಗಿದೆ ಎಂದು ಗೊತ್ತು. ಮನುಷ್ಯರನ್ನು ದೂರವಿಡಲು ಬಳಸಿದ ಮಡಿಯ ಪರವಾಗಿ ನಾನು ವಾದಿಸುತ್ತಿಲ್ಲ. ಮಾಸ್ಕ್ ಇದ್ದದ್ದೇ ಎಂಜಲಿನ ಕಾರಣಕ್ಕೆ, ಬಾಯಿಂದ ಹೊರಡುವ ಹನಿಗಳನ್ನು ತಡೆಯುವುದಕ್ಕೆ. ಅದು ಒರೆಸುವ ಬಟ್ಟೆಯ ಅಣ್ಣತಮ್ಮ. ಹಾಗಿದ್ದ ಮೇಲೆ ಬೇಂದ್ರೆಯವರ ಮುಖದ ಮೇಲೆ ಸೀನಲು ಹಿಂಜರಿದ ನಾನು ಮೊನಾಲಿಸಾಳ ಮೇಲೆ ಇಡೀ ಮಳೆಗಾಲ ಸೀನಿದ್ದೇಕೆ? ಬೇಂದ್ರೆ ನನಗೆ ಒಬ್ಬ ಮನುಷ್ಯ. ಅವಳು ಡಿಸೈನು. 1919ರಲ್ಲಿ ಮಾರ್ಸೆಲ್ ದ್ಯುಶಾಂ ಅವಳ ಪೋಸ್ಟ್‌ಕಾರ್ಡಿಗೆ ಮೀಸೆ ಬರೆದಾಗ ಅದರಲ್ಲೊಂದು ಜಗಳವಿತ್ತು: ಕಲೆಯ ಹೆಸರಿನಲ್ಲಿ ನಡೆಯುವ ಕುರುಡು ಭಕ್ತಿಯ ಮೇಲಿನ ಸಿಟ್ಟು. ನಮ್ಮ ಮಾಸ್ಕ್‌ಗೆ ಭಕ್ತಿಯೂ ಇಲ್ಲ, ಸಿಟ್ಟೂ ಇಲ್ಲ. ಒಂದು ಮುಖವನ್ನು ಎಷ್ಟು ಸಲ ಮುದ್ರಿಸಿದರೆ ಅದು ಮುಖವಾಗಿರುವುದು ನಿಲ್ಲುತ್ತದೆ ಎಂಬುದರ ಲೆಕ್ಕ ಅದು.

ಇಷ್ಟೆಲ್ಲ ಹೇಳಿದ ಮೇಲೂ ಇದು ರುಚಿಯ ಪ್ರಶ್ನೆಯಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಅಮ್ಮನ ವಿಷಯ ಹೇಳಲೇಬೇಕು.

ಅಮ್ಮ 2020ರ ಫೆಬ್ರವರಿಯಲ್ಲಿ ಒಂದು ತಿಂಗಳಿಗೆಂದು ನಮ್ಮಲ್ಲಿಗೆ ಬಂದವಳು, ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡಳು, ಆಮೇಲೆ ಇಲ್ಲೇ ಉಳಿದಳು. ಅವಳಿಗೆ ಎರಡೂ ಕಿವಿ ಮಂದ. ಬಲಗಿವಿಗೆ ಮೆಷಿನ್ ಇದೆ, ಆದರೆ ಅವಳು ನಿಜವಾಗಿ ಕೇಳಿಸಿಕೊಳ್ಳುವುದು ಕಣ್ಣಿನಿಂದ, ನಮ್ಮ ತುಟಿಗಳನ್ನು ನೋಡಿ. ಅದೂ ಕನ್ನಡದ ತುಟಿಗಳನ್ನು ಮಾತ್ರ. ಹಿಂದಿ, ಮರಾಠಿ ಅವಳಿಗೆ ಬರುವುದಿಲ್ಲ. ಹಾಗಾಗಿ ಈ ಊರಿನಲ್ಲಿ ಅವಳಿಗೆ ಅರ್ಥವಾಗುವ ಬಾಯಿಗಳು ಮೂರೇ: ನನ್ನದು, ನನ್ನ ಹೆಂಡತಿಯದು, ಮಗಳದು. ಮನೆಯೊಳಗೆ ತೊಂದರೆಯಿರಲಿಲ್ಲ. ಬಾಗಿಲು ದಾಟಿದರೆ ಮೂರೂ ಬಾಯಿ ಮುಚ್ಚಿಹೋಗುತ್ತಿದ್ದವು. ಅವಳ ಮಾಸ್ಕ್‌ನ ಕುಣಿಕೆ ಬೇರೆ ಕಿವಿಯ ಮೆಷಿನ್ನಿಗೆ ಸಿಕ್ಕಿ, ಮಾಸ್ಕ್ ತೆಗೆಯುವಾಗಲೆಲ್ಲ ಅದು ಕಳಚಿ ಬೀಳುತ್ತಿತ್ತು.

ಮೊನಾಲಿಸಾ ಮಾಸ್ಕ್ ಹಾಕಿಕೊಂಡು ಮೊದಲ ಸಲ ಅವಳನ್ನು ಕೆಳಗೆ ವಾಕಿಂಗಿಗೆ ಕರೆದುಕೊಂಡು ಹೋದಾಗ ಅವಳು ನನ್ನನ್ನೇ ದಿಟ್ಟಿಸಿ ಹೇಳಿದಳು: “ನೀನು ಏನೋ ಹೇಳ್ತಿದೀಯ, ಅವಳು ಸುಮ್ನೆ ನಗ್ತಿದಾಳೆ. ನಾನು ಯಾರ್ ಮಾತು ಕೇಳ್ಲಪ್ಪಾ?” ಆಗ ಅದು ಮನೆಮಂದಿಗೆಲ್ಲ ಹೇಳಿ ನಗುವ ಜೋಕಾಯಿತು.

2021ರ ಮೇ ತಿಂಗಳಲ್ಲಿ ಒಂದು ಸಂಜೆ ಅವಳ ಜೊತೆ ಕೆಳಗಿದ್ದಾಗ ಊರಿನಿಂದ ಫೋನ್ ಬಂತು. ಹಾಸನದ ಆಸ್ಪತ್ರೆಯಲ್ಲಿದ್ದ ನನ್ನ ದೊಡ್ಡ ಮಾವ, ಅಮ್ಮನ ಅಣ್ಣ, ತೀರಿಕೊಂಡಿದ್ದರು. ಲಿಫ್ಟಿನ ಹತ್ತಿರ ಬಂದು ನಿಂತೆವು. ಮನೆಗೆ ಹೋಗಿ ಹೇಳೋಣ ಎಂದುಕೊಂಡಿದ್ದೆ, ಆದರೆ ಅವಳು ನನ್ನ ಕಣ್ಣು ನೋಡಿ “ಏನಂತೆ?” ಎಂದಳು. “ಅಮ್ಮಾ, ಮಾವ ಹೋಗ್ಬಿಟ್ರು” ಎಂದೆ. ಅವಳು ನನ್ನ ಬಾಯಿಯ ಕಡೆ ನೋಡಿದಳು. ಅಲ್ಲಿ ಆ ನಗು ಇತ್ತು. ಏನೋ ಒಳ್ಳೆಯ ಸುದ್ದಿಯೆಂದುಕೊಂಡು ಅವಳ ಹುಬ್ಬು ಹಗುರಾಯಿತು. “ಮನೆಗೆ ಬಂದ್ರಾ?” ಎಂದಳು. ನಾನು ಮಾಸ್ಕ್ ಕಿತ್ತು ಮತ್ತೊಂದು ಸಲ ಹೇಳಬೇಕಾಯಿತು.

ಒಂದು ಸಾವನ್ನು ಎರಡು ಸಲ ಹೇಳುವುದರ ನಡುವೆ ಮೂರು ನಾಲ್ಕು ಸೆಕೆಂಡು ಇದ್ದಿರಬಹುದು. ಸಾದಾ ನೀಲಿ ಮಾಸ್ಕ್ ಇದ್ದಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ, ಅದು ನಿಜ. ಆದರೆ ಸಾದಾ ಮಾಸ್ಕ್ ಏನನ್ನೂ ಹೇಳುವುದಿಲ್ಲ. ಅವಳು “ಮಾಸ್ಕ್ ತೆಗೆದು ಹೇಳು” ಎನ್ನುತ್ತಿದ್ದಳು, ಅಷ್ಟೇ. ಚಿತ್ರದ ಮಾಸ್ಕ್ ಅವಳಿಗೆ ಸುಳ್ಳು ಹೇಳಿತು. ಕೇಳಿಸದಿರುವುದು ಬೇರೆ, ತಪ್ಪು ಕೇಳಿಸುವುದು ಬೇರೆ.

ಆಗ ನನಗೆ ವಿನ್ಯಾಸದ ಮೂಲದೋಷ ಅರ್ಥವಾಯಿತು. ಮಾಸ್ಕ್ ಮುಚ್ಚುವುದು ಮುಖದ ಕೆಳಗಿನ ಅರ್ಧವನ್ನು, ಅಂದರೆ ಚಲಿಸುವ ಅರ್ಧವನ್ನು. ಭಾವಚಿತ್ರ ಎಷ್ಟೇ ದೊಡ್ಡದಾದರೂ ಒಂದು ಕ್ಷಣದಲ್ಲಿ ನಿಂತ ಮುಖ. ಗೋಡೆಯ ಮೇಲಿರುವಾಗ ಆ ನಿಲುಗಡೆಯೇ ಅದರ ಶಕ್ತಿ, ನಾವು ಅದರ ಮುಂದೆ ನಿಂತು ನಮ್ಮ ಚಲನೆಯನ್ನು ನಿಲ್ಲಿಸುತ್ತೇವೆ. ಚಲಿಸಬೇಕಾದ ಬಾಯಿಯ ಮೇಲೆ ನಿಂತ ಬಾಯಿಯನ್ನು ಅಂಟಿಸಿದರೆ ಅದು ಹೆಣದ ಬಾಯಿಯಾಗುತ್ತದೆ. ಕೊಟ್ಟಾಯಂ ಕಡೆಯ ಒಂದು ಫೋಟೊ ಸ್ಟುಡಿಯೋ 2020ರಲ್ಲಿ ಗಿರಾಕಿಗಳ ಸ್ವಂತ ಮೂಗುಬಾಯಿಯನ್ನೇ ಮಾಸ್ಕ್‌ನ ಮೇಲೆ ಮುದ್ರಿಸಿಕೊಟ್ಟು ಸುದ್ದಿಯಾಗಿತ್ತು. ಯಾರೆಂದು ಗುರುತು ಸಿಗಲಿ ಎಂಬುದು ಉದ್ದೇಶ. ಮೊನಾಲಿಸಾಗಿಂತ ಅದು ಪ್ರಾಮಾಣಿಕ, ಬಾಯಿ ನಮ್ಮದೇ. ಆದರೂ ಅಮ್ಮನಿಗೆ ಅದೂ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಬಾಯಿಯ ಆಕಾರವಲ್ಲ, ಬಾಯಿಯ ಆಟ. ಅವಳಂಥವರನ್ನು ನೆನೆದು ಬಾಯಿಯ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಇಟ್ಟು ಹೊಲಿದ ಮಾಸ್ಕ್‌ಗಳೂ ಆಗ ಬಂದಿದ್ದವು. ನೋಡಲು ಒರಟು, ಉಸಿರಿಗೆ ಮಂಜು ಕಟ್ಟುತ್ತಿದ್ದವು. ಅಂದ ಎಂದರೇನೆಂದು ಕೇಳಿದರೆ ಈಗ ನಾನು ಅವುಗಳ ಕಡೆ ಬೆರಳು ತೋರಿಸುತ್ತೇನೆ.

ಹಾಗಾದರೆ ಹಳೆಯ ಭಾವಚಿತ್ರಕ್ಕೂ ಮಾಸ್ಕ್‌ಗೂ ಒಳ್ಳೆಯ ಸಂಬಂಧ ಸಾಧ್ಯವೇ ಇರಲಿಲ್ಲವೇ? ಒಂದು ಉದಾಹರಣೆ ಇದೆ. ಡಚ್ ಚಿತ್ರಕಾರ ವರ್ಮೀರ್ 1665ರ ಸುಮಾರಿಗೆ ಬರೆದ ಮುತ್ತಿನೋಲೆಯ ಹುಡುಗಿ ನಿಮಗೆ ಗೊತ್ತು. ಬ್ರಿಟನ್ನಿನ ಬ್ರಿಸ್ಟಲ್ ಊರಿನ ಗೋಡೆಯೊಂದರ ಮೇಲೆ ಬ್ಯಾಂಕ್ಸಿ 2014ರಲ್ಲಿ ಅವಳನ್ನು ಬರೆದಿದ್ದ. ಮುತ್ತಿನ ಜಾಗದಲ್ಲಿ ಕಟ್ಟಡದ ಹಳದಿ ಅಲಾರಂ ಪೆಟ್ಟಿಗೆ. 2020ರ ಏಪ್ರಿಲಿನಲ್ಲಿ ಒಂದು ಬೆಳಗ್ಗೆ ಅವಳ ಬಾಯಿಗೆ ನೀಲಿ ಆಸ್ಪತ್ರೆ ಮಾಸ್ಕ್ ಬಂದಿತ್ತು. ಅಷ್ಟೇ ಕೆಲಸ. ವರ್ಮೀರನ ಚಿತ್ರದಲ್ಲಿ ಆ ಹುಡುಗಿ ಏನೋ ಹೇಳಲೆಂಬಂತೆ ತುಟಿ ತೆರೆದು ತಿರುಗಿದ್ದಾಳೆ. ಗೋಡೆಯ ಮೇಲೆ ಆ ಮಾತನ್ನು ಮುಚ್ಚಲಾಗಿದೆ, ತಿರುಗಿ ನೋಡುವ ಕಣ್ಣು ಉಳಿದಿದೆ. ಇಲ್ಲಿ ನಾವು ಚಿತ್ರವನ್ನು ಉಟ್ಟುಕೊಳ್ಳಲಿಲ್ಲ, ಚಿತ್ರ ನಮ್ಮ ಕಷ್ಟವನ್ನು ಉಟ್ಟುಕೊಂಡಿತು. ಸುಮಾರು 350 ವರ್ಷ ಹಿಂದಿನ ಹುಡುಗಿ ನಮ್ಮ ಜೊತೆ ಸಾಲಿನಲ್ಲಿ ನಿಂತಳು. ನನ್ನ ನಾಲ್ಕು ಮಾಸ್ಕ್‌ಗಳಲ್ಲಿ ಒಂದೂ ಮಾಡದ ಕೆಲಸ ಅದು.

2022ರ ಯುಗಾದಿಯ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಮಾಸ್ಕ್ ಕಡ್ಡಾಯವಲ್ಲ ಎಂದಾಯಿತು. ಆ ವರ್ಷ ಆಫೀಸಿಗೆ ಹೋದಾಗ ಒಂದೂವರೆ ವರ್ಷ ಜೊತೆಗೆ ಕೆಲಸ ಮಾಡಿದ ಹುಡುಗರ ಮುಖಗಳನ್ನು ಪೂರ್ತಿಯಾಗಿ ನೋಡಿದೆ. ನಾನು ಕಣ್ಣು ನೋಡಿ ಊಹಿಸಿಕೊಂಡಿದ್ದ ಬಾಯಿಗಳು ಒಂದೂ ಸರಿಬರಲಿಲ್ಲ. ಎಲ್ಲರ ಬಾಯಿಯೂ ನನ್ನ ಊಹೆಗಿಂತ ಸಾದಾ ಇತ್ತು, ಚೆನ್ನಾಗಿಯೂ ಇತ್ತು.

ಕಳೆದ ತಿಂಗಳು ಡ್ರಾಯರು ಖಾಲಿ ಮಾಡುವಾಗ ಅಮ್ಮ ಆ ನಾಲ್ಕನ್ನೂ ಎತ್ತಿ ಹೊರಗಿಟ್ಟಳು. “ಇವು ಯಾಕೆ ಇನ್ನೂ?” ನಾನು ಕಸದ ಚೀಲ ಹಿಡಿದು ನಿಂತೆ. ಊರಿನಲ್ಲಿ ವರ್ಷ ಮುಗಿದ ಕ್ಯಾಲೆಂಡರಿನ ದೇವರನ್ನು ಕಸಕ್ಕೆ ಹಾಕುತ್ತಿರಲಿಲ್ಲ, ಅರಳಿಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದೆವು. ಮೊನಾಲಿಸಾಳನ್ನು ಎಲ್ಲಿ ಇಟ್ಟು ಬರಲಿ? ಒಗೆದು ಒಗೆದು ಅವಳ ತುಟಿಯ ಬಣ್ಣ ಮಾಸಿ, ಆ ಕಂದು ಕಲೆ ಹೋಗಿ, ನಗು ಈಗ ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿದೆ. ಅಂಗಡಿಯವನ ಪ್ರಿಂಟಿಗಿಂತ ಈಗ ಲಿಯೊನಾರ್ಡೊನಿಗೆ ಹತ್ತಿರವಾಗಿದ್ದಾಳೆ. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ಮಡಿಸಿ ಮತ್ತೆ ಡ್ರಾಯರಿನೊಳಗೆ ಹಾಕಿದಳು.